ಗಾರೆಯಮ್ಮನ ಗಂಡ ಮೆತ್ತಿದ ಗೋಡೆ

ಸತ್ತ ಎಮ್ಮೆ ಹಂಡೆ ತುಂಬ ಹಾಲು ಕೊಡುತ್ತಿತ್ತು ಎನ್ನುವುದು ಲೋಕರೂಢಿ. ನಮ್ಮೂರ ಚರ್ಚಿನವರು, ಅಂದರೆ ಇಗರ್ಜಿಯವರು, ಇನ್ನೂ ಜಾಣರು. ಸತ್ತವನ ತಲೆಗೆ ತಮ್ಮ ತಪ್ಪನ್ನೇ ಕಟ್ಟಿ ಕೈತೊಳೆದುಕೊಂಡರು.

ಆ ಸತ್ತವನು ಗಾರೆ ಕೆಲಸದವನು. ಅವನ ಹೆಂಡತಿಯನ್ನು ಎಲ್ಲರೂ ಗಾರೆಯಮ್ಮ ಎನ್ನುತ್ತಾರೆ. ಮಕ್ಕಳಿಲ್ಲ. ಇಗರ್ಜಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ತಟ್ಟೆ ಎರಡಿವೆ, ಒಂದು ಹೊರಗೆ ಬರುವುದಿಲ್ಲ. ಬೆಂಚು ಒರೆಸುವುದು, ನೆಲಕ್ಕೆ ಬಿದ್ದ ಮೇಣ ಕೆರೆಯುವುದು ಅವಳ ಕೆಲಸ. ದಿನದಲ್ಲಿ ಅವಳು ಆಡುವ ಮಾತೆಲ್ಲ ಹೆಚ್ಚಾಗಿ ಸಂತರ ಪ್ರತಿಮೆಗಳ ಜೊತೆಗೇ: "ಸ್ವಲ್ಪ ಕಾಲೆತ್ತಪ್ಪ, ಒರೆಸ್ಬೇಕು."

ಇಗರ್ಜಿ ಮುತ್ತಜ್ಜಂದಿರ ಕಾಲದ್ದು, ಕಲ್ಲು ಸುಣ್ಣದ್ದು. ಗಾರೆಯಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದೂರಿನ ಇಗರ್ಜಿಗೆ ಸಿಮೆಂಟು ಬಂತು. ಇಲ್ಲಿಯವರಿಗೆ ಹೊಟ್ಟೆಯುರಿ. ಸಭೆ ಸೇರಿ, ಸುಣ್ಣ ಕೆರೆದು ಸಿಮೆಂಟು ಮೆತ್ತಬೇಕೆಂದು ಹಟ ಹಿಡಿದರು. ಎಲ್ಲರಿಗಿಂತ ಜೋರು ಬಾಯಿ ಗಾರೆಯವನ ಸ್ವಂತ ತಮ್ಮನದು. ಗಾರೆಯವನನ್ನು ಯಾರೂ ಕೇಳಲಿಲ್ಲ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? ಅವನು ಮೆತ್ತಿದ. ಊರಿಗೆ ಊರೇ ಬಂದು ಗೋಡೆ ಸವರಿ, ಕನ್ನಡಿಯ ಹಾಗಿದೆ ಎಂದು ಹೊಗಳಿತು.

ವರ್ಷಗಳು ಕಳೆದು, ಗಾರೆಯವನೂ ತೀರಿಕೊಂಡ ಮೇಲೆ, ಕಲ್ಲಿನೊಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಕೊಳೆಯಿತು. ಸಿಮೆಂಟು ಕಿತ್ತು ಮತ್ತೆ ಸುಣ್ಣ ಮೆತ್ತಬೇಕು ಎಂದ ಇಂಜಿನಿಯರು. ಸರಿಯಾದ ಮಾತೇ. ಇದನ್ನು ಮಾಡಿದವರಾರು ಎಂದು ಹೊಸ ಫಾದರ್ ಸಭೆಯಲ್ಲಿ ಕೇಳಿದರು. ಗಾರೆಯವನ ಆ ತಮ್ಮನೇ ಈಗ ಇಗರ್ಜಿ ಸಭೆಯ ಅಧ್ಯಕ್ಷ. ಯಾರೋ ಕೆಲಸ ತಿಳಿಯದ ಗಾರೆಯವನು ಕೆಡಿಸಿದ್ದು ಎಂದುಬಿಟ್ಟ. ರಿಪೇರಿ ಮುಗಿದು ಇಗರ್ಜಿ ಮತ್ತೆ ತೆರೆಯುವ ದಿನ ಓದುವ ಇಗರ್ಜಿಯ ಚರಿತ್ರೆಗೂ ಆ ಮಾತು ಸೇರಲಿದೆ ಎಂದು ತಿಳಿದು ಗಾರೆಯಮ್ಮ ಮೈದುನನ ಮನೆಗೆ ಹೋದಳು.

"ಸಿಮೆಂಟೇ ಬೇಕು ಅಂದಿದ್ದು ನೀನು. ಅಷ್ಟನ್ನ ಫಾದರ್ ಹತ್ರ ಹೇಳಪ್ಪ, ಸಾಕು."

"ಸತ್ತವರಿಗೆ ಬೈಗುಳ ತಾಗುತ್ತಾ ಅತ್ತಿಗೆ? ಬದುಕಿರೋರಿಗೆ ತಾಗುತ್ತೆ."

"ನಾನೂ ಬದುಕೇ ಇದೀನಲ್ಲಪ್ಪ."

ಅವನು ಟೀ ಕುಡಿದು ಹೋಗಿ ಎಂದ. ಅವಳು ಕುಡಿಯಲಿಲ್ಲ. ಫಾದರ್ ಹತ್ತಿರ ತಾನೇ ಹೇಳಿದಳು. ಅವರು ತಾಳ್ಮೆಯಿಂದ ಕೇಳಿ, ಅಧ್ಯಕ್ಷರನ್ನು ಒಂದು ಮಾತು ವಿಚಾರಿಸುತ್ತೇನೆ ಎಂದರು. ತೋಳನನ್ನು ಕೇಳಿ ಕುರಿಗೆ ನ್ಯಾಯ!

ಆ ದಿನ ಬಂತು. "ಕೆಲಸ ತಿಳಿಯದ ಗಾರೆಯವನೊಬ್ಬನ ತಪ್ಪಿನಿಂದ" ಎಂದು ಎಲ್ಲರೆದುರು ಓದಿದರು. ಅಂದು ಗೋಡೆ ಸವರಿ ಹೊಗಳಿದ್ದ ಮುದುಕರು ಮುಂದಿನ ಬೆಂಚುಗಳಲ್ಲೇ ಇದ್ದರು. ಒಬ್ಬರೂ ಕೆಮ್ಮಲಿಲ್ಲ. ಪ್ರತಿ ಭಾನುವಾರ ಎದೆ ಬಡಿದುಕೊಂಡು "ನನ್ನ ತಪ್ಪು, ನನ್ನ ತಪ್ಪು" ಎನ್ನುವ ಕೈಗಳಿಗೆ ಆ ದಿನ ಯಾವ ಲಕ್ವ ಹೊಡೆದಿತ್ತು?

ಗಾರೆಯಮ್ಮ ಕೆಲಸ ಬಿಟ್ಟಿಲ್ಲ. ಹೊಸ ಸುಣ್ಣದ ಗೋಡೆ ಚೆನ್ನಾಗಿದೆ, ತಂಪಾಗಿದೆ ಎಂದು ಅವಳೇ ನನಗೆ ಹೇಳಿದಳು. ಪೂಜೆಗೂ ಬರುತ್ತಾಳೆ, ಕೊನೆಯ ಬೆಂಚಿನಲ್ಲಿ ಒಬ್ಬಳೇ. ಪೂಜೆಯ ನಡುವೆ, ಒಬ್ಬರಿಗೊಬ್ಬರು ಕೈಮುಗಿದು ಶಾಂತಿ ಕೋರಿ ಎಂದು ಫಾದರ್ ಅಂದಾಗ ಮೈದುನ ಹಿಂದಕ್ಕೆ ತಿರುಗಿ ಅವಳಿಗೆ ಕೈಮುಗಿಯುತ್ತಾನೆ. ಅವಳು ನೆಟ್ಟಗೆ ಅವನನ್ನೇ ನೋಡುತ್ತಾಳೆ. ಕೈ ಎತ್ತುವುದಿಲ್ಲ. ಅವನು ಒಂದು ಗಳಿಗೆ ಕಾದು, ಪಕ್ಕದವನಿಗೆ ಕೈಮುಗಿಯುತ್ತಾನೆ. ಅವಳ ಪಕ್ಕದಲ್ಲಿ ಯಾರೂ ಇರುವುದಿಲ್ಲ.