ಕಸಿಗಂಟಿನ ಮೇಲೆ ಏರಿಸಿದ ಮಣ್ಣು

ನಿಮ್ಮ ಕೈಗುಣ ಕೆಟ್ಟಿರಲಿಲ್ಲ, ಈರಮ್ಮ ದೊಡ್ಡಮ್ಮ. ನಿಮ್ಮ ಹಿತ್ತಿಲಿನ ಆ ಹನ್ನೆರಡು ಟೊಮೇಟೊ ಗಿಡಗಳು ಸತ್ತದ್ದು ನಾನು ಹೇಳಿದ ಒಂದು ಮಾತಿನಿಂದ. ಬಾಡಿದ ಒಂದನ್ನು ಕಿತ್ತ ದಿನವೇ ನನಗದು ಗೊತ್ತಾಗಿತ್ತು. ಗೊತ್ತಿದ್ದೂ ಮೂರು ವರ್ಷ ಸುಮ್ಮನಿದ್ದೆ.

ನೀವು ನಮಗೆ ನೆಂಟರಲ್ಲ, ಪಕ್ಕದ ಮನೆಯವರು. ಆದರೂ ಗುಡಿಬಂಡೆ ಕಡೆಯ ಈ ಹಳ್ಳಿಯಲ್ಲಿ ನಿಮ್ಮನ್ನು ದೊಡ್ಡಮ್ಮ ಎನ್ನದವರು ಕಡಿಮೆ. ಯಾರು ರಾಗಿ ಬಿತ್ತಲಿ, ಹಿಪ್ಪುನೇರಳೆ ಕಡ್ಡಿ ನೆಡಲಿ — ಮೊದಲ ಕಾಳು, ಮೊದಲ ಕಡ್ಡಿ ನಿಮ್ಮ ಕೈಯದೇ ಆಗಬೇಕಿತ್ತು. ಅಮರಾಪುರದಿಂದಲೂ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು.

ನಾನು ಕೃಷಿಯಲ್ಲಿ ಎಂ.ಎಸ್ಸಿ. ಮುಗಿಸಿ ಬಂದು, ಹಿತ್ತಿಲಿನಲ್ಲಿ ಕಸಿ ಕಟ್ಟಲು ಕೂತ ವರ್ಷ ಅದು. ನಮ್ಮ ಮಣ್ಣಿನಲ್ಲಿ ಸೊರಗು ರೋಗವಿದೆ. ಹಸಿರಾಗಿದ್ದ ಟೊಮೇಟೊ ಗಿಡ ಎರಡೇ ದಿನದಲ್ಲಿ ಜೋತುಬೀಳುತ್ತದೆ. ಬೇಲಿಯ ಸುಂಡೆ ಗಿಡ ಮಾತ್ರ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ಬೇರಿಗೆ ಸುಂಡೆ, ಮೇಲಕ್ಕೆ ಟೊಮೇಟೊ. ಎರಡನ್ನೂ ಓರೆಯಾಗಿ ಕೊಯ್ದು, ಕೂಡಿಸಿ, ಕ್ಲಿಪ್ ಹಾಕಿ, ವಾರವಿಡೀ ಪ್ಲಾಸ್ಟಿಕ್ ಹೊದಿಸಿ ನೆರಳಿನಲ್ಲಿಟ್ಟೆ. ಎದುರುಮನೆಯ ಲಕ್ಷ್ಮಕ್ಕ ಬಂದು ನೋಡಿ ನಕ್ಕಿದ್ದರು: “ಏನಮ್ಮಿ ಡಾಕ್ಟ್ರಮ್ಮ, ಸುಂಡೆ ಕಾಲಿಗೆ ಟೊಮೇಟೊ ತಲೆ ಕಟ್ಟೀಯಲ್ಲ, ಕಾಯಿ ಬಿಟ್ಮೇಲೆ ಸಾರು ಮಾಡ್ಬೇಕೋ ಗೊಜ್ಜು ಮಾಡ್ಬೇಕೋ?”

“ಮೊದ್ಲು ಬಿಡ್ಲಿ, ಸುಮ್ಕಿರೆ,” ಎಂದವರು ನೀವು.

ಇಪ್ಪತ್ತನಾಲ್ಕು ಸಸಿ ಉಳಿದವು. ಅರ್ಧ ನಿಮಗೆ ಕೊಟ್ಟೆ. ನೆಡುವ ದಿನ ನೀವು ಕುಕ್ಕರುಗಾಲಲ್ಲಿ ಕೂತು ಕೇಳಿದಿರಿ, “ಎಷ್ಟು ಆಳಕ್ಕೆ ಇಕ್ಕಲಿ ಮಗ?” ನಾನು ಸಸಿಗಳ ಫೋಟೊ ತೆಗೆಯುತ್ತಿದ್ದೆ — ಜೊತೆಗೆ ಓದಿದವರಿಗೆ ಕಳಿಸಲು. ತಿರುಗಿಯೂ ನೋಡದೆ ಹೇಳಿದೆ: “ಯಾವಾಗ್ಲೂ ಇಕ್ಕೋ ಹಂಗೇ ಇಕ್ಕಿ ದೊಡ್ಡಮ್ಮ.”

ಯಾವಾಗಲೂ ನೀವು ಟೊಮೇಟೊವನ್ನು ಆಳಕ್ಕೆ ನೆಡುತ್ತೀರಿ, ಆಮೇಲೆ ಬುಡಕ್ಕೆ ಮಣ್ಣು ಏರಿಸುತ್ತೀರಿ. ಮಾಮೂಲಿ ಸಸಿಗೆ ಅದು ಸರಿಯಾದ ಕ್ರಮ. ಕಸಿ ಸಸಿಗೆ ಅಲ್ಲ. ಗಂಟು ಮಣ್ಣಿನಿಂದ ಮೇಲೇ ಇರಬೇಕು. ಮುಚ್ಚಿದರೆ ಮೇಲಿನ ಟೊಮೇಟೊ ಕಾಂಡವೇ ಬೇರು ಬಿಡುತ್ತದೆ, ರೋಗ ಆ ಬೇರಿನಿಂದ ಒಳಗೆ ಬರುತ್ತದೆ. ಇದು ನನಗೆ ತಿಳಿಯದ ವಿಷಯವಲ್ಲ — ಪರೀಕ್ಷೆಯಲ್ಲಿ ಬರೆದಿದ್ದೆ. ನನ್ನ ಹನ್ನೆರಡು ಸಸಿಗಳ ಗಂಟನ್ನು ಬೆರಳಿಟ್ಟು ಅಳೆದು ಮೇಲೆ ಬಿಟ್ಟಿದ್ದೆ.

ಕಾಯಿ ಕಚ್ಚುವ ಹೊತ್ತಿಗೆ ನಿಮ್ಮ ಗಿಡಗಳು ಒಂದೊಂದಾಗಿ ಬಾಡಿದವು. ನನ್ನನ್ನು ಕರೆದಿರಿ. ಒಂದನ್ನು ಕಿತ್ತೆ. ಗಂಟಿನ ಮೇಲೆ, ಟೊಮೇಟೊ ಕಾಂಡದ ಸುತ್ತ, ಹೊಸ ಬೇರು. ಕಂಡೆ — ಕಂಡ ಕೂಡಲೇ ಅಂಗೈಯಿಂದ ಮುಚ್ಚಿ ಹಿಡಿದೆ.

ಲಕ್ಷ್ಮಕ್ಕ ಅಲ್ಲಿಯೇ ಇದ್ದರು, ಜೊತೆಗೆ ಇನ್ನಿಬ್ಬರು ಹೆಂಗಸರು. “ಅವೇ ಸಸಿ, ಅದೇ ನೀರು. ಈ ಹುಡ್ಗಿ ಹಿತ್ಲಾಗೆ ಕಾಯಿ ಜಗ್ಗಿ ಬಿಟ್ಟೈತೆ, ನಿಂದು ನೋಡಿದ್ರೆ ಹಿಂಗೆ. ಕೈಗುಣ ಹೋಯ್ತೇನೋ ಈರಕ್ಕ?” ಎಂದು ನನ್ನ ಕಡೆ ತಿರುಗಿದರು. “ಓದಿದೋಳು, ನೀನೇ ಹೇಳಮ್ಮಿ.”

“ಇರ್ಬೋದು,” ಎಂದೆ.

ಕೈಗುಣವನ್ನು ನಾನು ನಂಬುವವಳಲ್ಲ. ನಂಬಿ ಹೇಳಿದ್ದರೆ ಅದು ಬರೀ ತಪ್ಪಾಗುತ್ತಿತ್ತು. ನಂಬದೆ ಹೇಳಿದೆ — ಓದಿ ಬಂದವಳು ತನ್ನ ಮೊದಲ ಸಸಿಯಲ್ಲೇ ಎಡವಿದಳು ಎನ್ನಿಸಿಕೊಳ್ಳಬಾರದೆಂದು.

ಆ ವರ್ಷ ಲಕ್ಷ್ಮಕ್ಕನ ಹೊಲದಲ್ಲಿ ಹಿಪ್ಪುನೇರಳೆ ನೆಡುವ ದಿನ, ನೀವು ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಿರಿ. ನಾನು ಕಿಟಕಿಯಿಂದ ನೋಡಿದೆ. ಅವರು ತಮ್ಮ ನಾದಿನಿಯನ್ನು ಕರೆದುಕೊಂಡು ನಿಮ್ಮ ಮುಂದೆಯೇ ಹಾದುಹೋದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ... ಜಗಳವಿಲ್ಲ, ಮಾತಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ.

ಅದನ್ನೂ ನಾನು ಸಹಿಸಿಕೊಂಡಿದ್ದೆ. ಹೋದ ವಾರ ನೀವು ನಾಲ್ಕು ಹೀರೆ ಬೀಜ ತಂದು ನನ್ನ ಕೈಗೆ ಹಾಕಿದಿರಿ — ನಿಮ್ಮದೇ ಹಿತ್ತಿಲಿನಲ್ಲಿ ಊರುವುದಕ್ಕೆ. “ನನ್ ಕೈ ಬ್ಯಾಡ ಕಣಮ್ಮಿ. ನೀನೇ ಹಾಕು.” ಊರಿನವರು ಮಾತ್ರ ನಂಬಿದ್ದಾರೆ ಎಂದುಕೊಂಡಿದ್ದೆ. ನೀವೂ ನಂಬಿದ್ದಿರಿ. ನಾನು ಬೀಜ ಊರಿದೆ. ಮೊಳಕೆ ಬಂದಾಗ ಕರೆದು ತೋರಿಸಿದಿರಿ, ಸಂತೋಷಪಟ್ಟಿರಿ. ಆಗಲೂ ನಾನು —

ನಿಮಗೆ ಓದಲು ಬಾರದು. ಹೇಳಲು ಹೋದರೆ ಎದುರಿಗೆ ನಿಂತಾಗ ಮಾತು ಮೆತ್ತಗಾಗುತ್ತದೆ, ಏನನ್ನೋ ಬಿಟ್ಟು ಏನನ್ನೋ ಸೇರಿಸುತ್ತೇನೆ, ಅದಕ್ಕಾಗಿ ಬರೆದುಕೊಂಡೆ. ನಾಳೆ ಬೆಳಿಗ್ಗೆ ಲಕ್ಷ್ಮಕ್ಕನನ್ನೂ ಅಂದು ಜೊತೆಗಿದ್ದ ಆ ಇಬ್ಬರನ್ನೂ ನಿಮ್ಮ ಅಂಗಳಕ್ಕೆ ಕರೆಯುತ್ತೇನೆ. ಅವರು ನನ್ನನ್ನು ಕೇಳಿದ್ದು ಎಲ್ಲರೆದುರು. ಉತ್ತರವನ್ನೂ ಎಲ್ಲರೆದುರೇ ಕೊಡಬೇಕು. ಇದನ್ನು ಒಂದಕ್ಷರ ಬಿಡದೆ ಓದುತ್ತೇನೆ.

ನೀವು ಬೈದರೆ ಬೈಸಿಕೊಳ್ಳುತ್ತೇನೆ. ಎದ್ದು ಒಳಗೆ ಹೋದರೆ ಹೊರಗೇ ನಿಂತು ಕೊನೆಯ ಸಾಲಿನವರೆಗೆ ಓದಿ ಮುಗಿಸುತ್ತೇನೆ. ಆಮೇಲೆ, ನಿಮ್ಮನ್ನು ಕರೆಯುವುದನ್ನು ಬಿಟ್ಟ ಒಂದೊಂದು ಮನೆಗೂ ಹೋಗುತ್ತೇನೆ.