ಎರಡು ಆರಾದ ಮಧ್ಯಾಹ್ನ

ಈಗಲೂ ಗಾಜಿನಂಥ ಅಕ್ರಿಲಿಕ್ ಹಾಳೆಯ ಎದುರು ನಿಲ್ಲಬೇಕಾದರೆ ನನ್ನ ಕೈ ತಾನಾಗಿ ಮುಖಕ್ಕೆ ಅಡ್ಡ ಹೋಗುತ್ತದೆ. ಬ್ಯಾಂಕಿನ ಕೌಂಟರಾದರೂ ಅಷ್ಟೇ. ಹೆದರಿಕೆಯನ್ನು ಹೇಗೋ ಸಹಿಸಿಕೊಂಡಿದ್ದೇನೆ. ಸಿಟ್ಟು ಮಾತ್ರ ಇಷ್ಟು ವರ್ಷವಾದರೂ ಇಳಿದಿಲ್ಲ.

ಪೀಣ್ಯದಲ್ಲಿ ಪ್ಲಾಸ್ಟಿಕ್ ಡಬ್ಬಿಗಳಿಗೆ ಉಕ್ಕಿನ ಅಚ್ಚು ಕೊರೆಯುವ ಶೆಡ್ಡು ಅದು. ಇಂಜಿನಿಯರಿಂಗ್ ಮುಗಿಸಿ ಅಲ್ಲಿ ಸೇರಿದ್ದೆ. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ತಯಾರಿಸಿ ಮಿಲ್ಲಿಂಗ್ ಮಷೀನಿಗೆ ಕಳಿಸುವುದು ನನ್ನ ಕೆಲಸ. ಮಷೀನು ಹಳೆಯದು, ಅದರ ನೆನಪಿನಲ್ಲಿ ಇಡೀ ಪ್ರೋಗ್ರಾಂ ಹಿಡಿಸುತ್ತಿರಲಿಲ್ಲ. ಹಾಗಾಗಿ ಸೀರಿಯಲ್ ಕೇಬಲ್ಲಿನಲ್ಲಿ ಒಂದೊಂದೇ ಸಾಲು ಕಳಿಸುತ್ತಿದ್ದೆವು, ಅದು ಬಂದಷ್ಟನ್ನು ಕೊರೆಯುತ್ತಾ ಹೋಗುತ್ತಿತ್ತು.

ಪ್ರತಿ ಬೆಳಿಗ್ಗೆ ಮೊದಲ ಕೆಲಸ ಆ ಲೈನನ್ನು ಹೊಂದಿಸುವುದು. ವೇಗ ಎಷ್ಟು, ಅಕ್ಷರಕ್ಕೆ ಎಷ್ಟು ಬಿಟ್, ಪ್ಯಾರಿಟಿ ಯಾವುದು, ಇಷ್ಟೂ ಕಂಪ್ಯೂಟರಿನಲ್ಲೂ ಮಷೀನಿನಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಮಷೀನು ಒಂದು ಸಾಲನ್ನೂ ತೆಗೆದುಕೊಳ್ಳುವುದಿಲ್ಲ. ಪ್ಯಾರಿಟಿ ಎಂದರೆ ಕಾವಲು. ಪ್ರತಿ ಅಕ್ಷರದ ಬೆನ್ನಿಗೂ ಒಂದು ಬಿಟ್ ಹೆಚ್ಚಿಗೆ ಹೋಗುತ್ತದೆ. ದಾರಿಯಲ್ಲಿ ಅಕ್ಷರ ಕೆಟ್ಟರೆ ಲೆಕ್ಕ ತಪ್ಪುತ್ತದೆ, ಮಷೀನು ಅಲಾರಂ ಕೊಟ್ಟು ನಿಲ್ಲುತ್ತದೆ.

ನಮ್ಮ ಕೇಬಲ್ಲು ತಗಡಿನ ಗೋಡೆಗೆ ತಾಗಿಕೊಂಡು ಹೋಗಿತ್ತು. ಗೋಡೆಯಾಚೆ ಪಕ್ಕದ ಶೆಡ್ಡಿನ ವೆಲ್ಡಿಂಗು. ಅವರು ಶುರುಮಾಡಿದರೆ ಸಾಕು, ಇಲ್ಲಿ ಅಲಾರಂ. ಒಳ್ಳೆಯ ಕೇಬಲ್ ತರಿಸಿ ಬೇರೆ ದಾರಿಯಲ್ಲಿ ಎಳೆಸಿ ಎಂದು ನಾನು ಕೇಳುತ್ತಲೇ ಇದ್ದೆ, ಮ್ಯಾನೇಜರ್ ಮುಂದಿನ ತಿಂಗಳು ಎನ್ನುತ್ತಲೇ ಇದ್ದರು.

ಅಚ್ಚು ಕೊಡುವ ಗಡುವು ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅವರು ನೇರವಾಗಿ ನನ್ನ ಕೋಣೆಗೆ ಬಂದರು. ಪ್ಯಾರಿಟಿ ತೆಗೆದುಬಿಡು ಎಂದರು. ತೆಗೆದರೆ ಕೆಟ್ಟ ಅಕ್ಷರವನ್ನೂ ಮಷೀನು ನಂಬುತ್ತದೆ, ಅದು ಹೇಳಿದ ಕಡೆಗೇ ಉಕ್ಕು ಕೊರೆಯುವ ಕಟರು ಹೋಗುತ್ತದೆ ಎಂದೆ.

"ಮಷೀನ್ ನಿಲ್ಲೋದು ಬೇಡಮ್ಮ ನಂಗೆ, ಓಡ್ಬೇಕು. ನಿನ್ ಕಾಲೇಜ್ ಪಾಠ ಆಮೇಲೆ ಕೇಳ್ತೀನಿ."

ನಾನು ಕೀಬೋರ್ಡಿನಿಂದ ಕೈ ತೆಗೆದೆ. ಅವರೇ ನನ್ನ ಕುರ್ಚಿಯಲ್ಲಿ ಕೂತು, ಮಷೀನ್ ಸರ್ವೀಸಿನವನಿಗೆ ಫೋನ್ ಮಾಡಿ, ಅವನು ಹೇಳಿದ್ದನ್ನು ಒಂದೇ ಬೆರಳಿನಲ್ಲಿ ಕುಟ್ಟಿದರು. ಮಷೀನಿನ ಸೆಟ್ಟಿಂಗ್ ಬದಲಿಸುವ ಕೀಲಿ ಹೇಗೂ ಅವರ ಬಳಿಯೇ ಇರುತ್ತಿತ್ತು. ಅಲ್ಲಿಯೂ ತೆಗೆದರು.

ಅವತ್ತು ಊಟದ ಹೊತ್ತಿನವರೆಗೂ ಮಷೀನು ನಿಲ್ಲಲಿಲ್ಲ. ಎಲ್ಲರಿಗೂ ಖುಷಿಯೋ ಖುಷಿ. ಊಟವಾದ ಮೇಲೆ ಆಚೆ ವೆಲ್ಡಿಂಗ್ ಶುರುವಾದಾಗ ನನಗೆ ಕೂರಲಾಗಲಿಲ್ಲ. ಎದ್ದು ಮಷೀನಿನ ಹತ್ತಿರ ಹೋದೆ. ಆಪರೇಟರ್ ಗದಗದ ಕಡೆಯವನು, ನನಗಿಂತ ದೊಡ್ಡವನು. ಮಷೀನಿನ ಬಾಗಿಲಲ್ಲಿ ಒಡೆದ ಗಾಜಿನ ಜಾಗಕ್ಕೆ ಬಿಗಿದಿದ್ದ ಅಕ್ರಿಲಿಕ್ ಹಾಳೆಗೆ ಮುಖ ತಾಗಿಸುವಷ್ಟು ಹತ್ತಿರ ನಿಂತು ಕಟರನ್ನೇ ನೋಡುತ್ತಿದ್ದ. "ಏನ್ರೀ ಅಕ್ಕಾರ, ಸೊಸಿ ಮನಿಗೆ ಬಂದ ಅತ್ತಿಗತೆ ಹಣಿಕಿ ಹಾಕಾಕತ್ತೀರಿ?" ಎಂದು ನಕ್ಕ. ಕೈ ಒರೆಸುವ ಬಟ್ಟೆ ಜಾರಿಬಿತ್ತು. ಬಗ್ಗಿದ.

ಫಟ್ ಎಂದು ಸದ್ದಾಯಿತು. ಹಾಳೆಯಲ್ಲಿ, ಅವನ ಮುಖ ಇದ್ದ ಎತ್ತರದಲ್ಲಿ, ಒಂದು ತೂತು. ಮುರಿದ ಕಟರಿನ ಚೂರು ನನ್ನ ಕಿವಿಯ ಪಕ್ಕದಲ್ಲಿ ಹಾದು ಹಿಂದಿನ ತಗಡಿಗೆ ನಾಟಿತ್ತು. ಅವನು ಬಟ್ಟೆ ಹಿಡಿದುಕೊಂಡು ನೆಲದಲ್ಲೇ ಕೂತುಬಿಟ್ಟ.

ಭಾರ ತಾಳದೆ ಮಷೀನು ತಾನೇ ನಿಂತಿತ್ತು. ನಾನು ಅದರ ತೆರೆ ನೋಡಿದೆ. ನಿಂತ ಸಾಲಿನಲ್ಲಿ ಆಳ ಆರು ಮಿಲಿಮೀಟರ್ ಎಂದಿತ್ತು. ನಾನು ಬರೆದದ್ದು ಎರಡು. ಎರಡರ ಅಂಕಿಗೂ ಆರರ ಅಂಕಿಗೂ ಒಂದೇ ಬಿಟ್ ವ್ಯತ್ಯಾಸ. ಅದನ್ನು ಹಿಡಿಯುವುದಕ್ಕೆಂದೇ ಇದ್ದ ಕಾವಲನ್ನು ಬೆಳಿಗ್ಗೆ ಕಿತ್ತುಹಾಕಿದ್ದರು.

ಮ್ಯಾನೇಜರ್ ಓಡಿ ಬಂದರು. ನೆಲದಲ್ಲಿ ಕೂತವನ ಕಡೆ ನೋಡಲಿಲ್ಲ. "ಜಾಬ್ ಹೋಯ್ತಾ?" ಎಂದು ಕೇಳಿದರು. ಜಾಬ್ ಎಂದರೆ ಮಷೀನಿನೊಳಗೆ ಕಟ್ಟಿದ್ದ ಉಕ್ಕಿನ ತುಂಡು. ಆಮೇಲೆ ತೆರೆ ನೋಡಿದರು, ನನ್ನನ್ನು ನೋಡಿದರು, ರೀಸೆಟ್ ಒತ್ತಿದರು. ಸಾಲು ಅಳಿಸಿಹೋಯಿತು. ಆ ಬೆರಳನ್ನು ನಾನು ಇವತ್ತಿಗೂ ನೋಡುತ್ತಿದ್ದೇನೆ.

ಸಂಜೆ ಅವರ ಕ್ಯಾಬಿನ್ನಿನಲ್ಲಿ ಅವರು, ನಾನು, ಆಪರೇಟರ್, ಮೂವರೇ. ಆಪರೇಟರ್ ಕಟರಿನ ಅಳತೆ ತಪ್ಪಾಗಿ ಹಾಕಿದ್ದಾನೆ, ಇಂಥವನನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಶುರುಮಾಡಿದರು. ತೆರೆಯಲ್ಲಿ ಆರು ಇತ್ತು, ನೀವೂ ನೋಡಿದ್ದೀರಿ ಎಂದೆ. ಎಲ್ಲಿದೆ, ತೋರಿಸು ಎಂದರು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ:

"ನಂದ ತಪ್ಪಾಗಿರಬೇಕ್ರೀ ಸರ. ಇನ್ನ ಹಿಂಗ ಆಗಂಗಿಲ್ಲ."

ಹೊರಗೆ ಬಂದ ಮೇಲೆ ಅವನ ಮೇಲೆಯೇ ರೇಗಿದೆ. ಸಾಯುತ್ತಿದ್ದವನು ನೀನು, ತಪ್ಪೊಪ್ಪಿಕೊಳ್ಳುವವನೂ ನೀನಾ ಎಂದೆ. ಅವನು ಕೈ ಒರೆಸುವ ಬಟ್ಟೆ ಮಡಚಿ ಜೇಬಿಗಿಟ್ಟ. "ನಿಮಗ ಬ್ಯಾರೆ ಕಡೆ ಕೆಲಸ ಸಿಗತೈತ್ರೀ ಅಕ್ಕಾರ. ಹುಡುಗ್ರನ್ನ ಈ ವರ್ಷನ ಇಲ್ಲಿ ಫೀ ಕಟ್ಟಿ ಸಾಲಿಗೆ ಹಾಕೇನಿ. ನನಗ ಈ ಕೆಲಸ ಬೇಕ್ರಿ."

ಮರುದಿನ ಬೆಳಿಗ್ಗೆ ಹೊಸ ಕಟರು ಕಟ್ಟಿದ್ದರು. ನಾನು ಲೈನ್ ಹೊಂದಿಸುವಾಗ ನನ್ನ ಕಡೆ ಮಾತ್ರ ಪ್ಯಾರಿಟಿ ಹಾಕಿದೆ. ಮಷೀನಿನ ಕಡೆ ಇರಲಿಲ್ಲವಲ್ಲ, ಒಂದು ಸಾಲೂ ಹೋಗಲಿಲ್ಲ. ಕೈಕಟ್ಟಿ ಕೂತೆ. ಮ್ಯಾನೇಜರ್ ಬಂದು ಯಾಕೆ ಹೋಗುತ್ತಿಲ್ಲ ಎಂದು ಕೇಳಿದರು.

"ನನ್ ಕಡೆ ಹಾಕಿದೀನಿ ಸಾರ್. ಮಷೀನ್ ಕಡೆ ನೀವು ಹಾಕಿ. ಇಲ್ಲಾಂದ್ರೆ ಇಲ್ಲಿ ಕೂತ್ಕೊಂಡು ನೀವೇ ತೆಗೀರಿ. ತೆಗೆದಾದ್ಮೇಲೆ ಆ ತೂತಿನ ಮುಂದೆ ನೀವೇ ನಿಂತ್ಕೊಳಿ."

ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಜೇಬಿನಿಂದ ಕೀಲಿ ತೆಗೆದು ಹೋಗಿ ಹಾಕಿದರು. ಆಮೇಲೆ ಎಲ್ಲರನ್ನೂ ಮಷೀನಿನ ಸುತ್ತ ಕರೆಸಿ, ಆಪರೇಟರುಗಳು ತಪ್ಪು ಮಾಡುತ್ತಿರುವುದರಿಂದ ಇವತ್ತಿನಿಂದ ಚೆಕಿಂಗ್ ಬಿಗಿ ಮಾಡಿದ್ದೇನೆ, ಮಷೀನು ನಿಂತರೆ ಯಾರೂ ಗೊಣಗಬಾರದು ಎಂದರು.

ಅವನು ಎಲ್ಲರಿಗಿಂತ ಮುಂದೆ ನಿಂತು ತಲೆಯಾಡಿಸುತ್ತಿದ್ದ. ತೆರೆಯಲ್ಲಿದ್ದ ಆರರ ಮಾತು ನನ್ನ ಬಾಯಿಗೆ ಬಂದಿತ್ತು, ಅವನ ಮುಖ ನೋಡಿ ನುಂಗಿಕೊಂಡೆ. ನನ್ನ ಕೋಣೆಗೆ ಹೋಗಿ ಮೊದಲ ಸಾಲು ಕಳಿಸಿದೆ.