ಬೆಕ್ಕಿಗೆ ಸೂಜಿ ಮಾಡುವ ಚೆನ್ನವ್ವ

ಮಹಾರಾಷ್ಟ್ರದ ಮಗ್ಗಗಳ ಊರು ಇಚಲಕರಂಜಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ರಾತ್ರಿ ಪಾಳಿಯ ಮಗ್ಗಗಳು ಖಟಖಟ ಅನ್ನುತ್ತಲೇ ಇವೆ. ಸಾಲುಮನೆಗಳ ಚಾಳಿನ ಕೊನೆಯ ಮನೆಯಲ್ಲಿ ಚೆನ್ನವ್ವ ಗಾಜಿನ ಸಿರಿಂಜನ್ನು ಕುದಿಸಿಟ್ಟು, ತಣ್ಣನೆಯ ಮಣ್ಣಿನ ಮಡಕೆಯಿಂದ ಇನ್ಸುಲಿನ್ ಬಾಟಲಿ ತೆಗೆದು ಅಂಗೈಯಲ್ಲಿ ಮೆಲ್ಲಗೆ ಹೊರಳಿಸುತ್ತಾಳೆ. ರೋಗಿ ಬಟ್ಟಲಿಗೆ ಮುಖವಿಟ್ಟು ಹಾಲು-ಭಕ್ರಿ ರೊಟ್ಟಿ ತಿನ್ನುವುದರಲ್ಲಿ ಮುಳುಗಿದೆ. ಅದು ಬಿಳಿ ಬೆಕ್ಕು, ಹೆಸರು ಪಂಢರಿ. ಹೆಗಲ ಮೇಲಿನ ಸಡಿಲ ಚರ್ಮ ಎತ್ತಿ ಸೂಜಿ ಚುಚ್ಚಿ ತೆಗೆದರೂ ಮಹಾರಾಯ್ತಿ ತಲೆ ಎತ್ತುವುದಿಲ್ಲ.

"ನಮ್ಮ ಅತ್ತಿಯವ್ರಿಗೆ ಸಕ್ಕರಿ ಬ್ಯಾನಿ ಇತ್ತ್ರಿ, ಆಗ ಕಂಪೌಂಡರ್ ಕಡಿಂದ ಕಲ್ತೆ. ಸೂಜಿ ಕಂಡ್ರ ಅತ್ತಿ ಚಾಳ ಎಬ್ಬಸ್ತಿದ್ಲು. ಬೆಕ್ಕ ಭಾಳ ಶಾಣೇ ಐತ್ರಿ" ಎಂದು ನಗುತ್ತಾಳೆ ಚೆನ್ನವ್ವ.

ಈ ಮನೆಯೂ ಬೆಕ್ಕೂ ಅವಳವಲ್ಲ, ಒಂಟಿ ಜೀವ ಹೀರಾಬಾಯಿಯವು. ಮಹಾಗಾಂವದ ಮಗಳಾದ ಚೆನ್ನವ್ವ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುತ್ತಾಳೆ. ಬೆಕ್ಕಿಗೂ ಸಕ್ಕರೆ ರೋಗ ಎಂದು ಕೊಲ್ಹಾಪುರದ ದನದ ಡಾಕ್ಟರು ಹೇಳಿದಾಗ ಚಾಳಿಗೆ ಚಾಳೇ ನಕ್ಕಿತ್ತು. ಸೂಜಿ ಕಂಡರೇ ಕಣ್ಣು ಮುಚ್ಚುವ ಹೀರಾಬಾಯಿ ಮಾತ್ರ ಅತ್ತಳು. ಅಂದು ಕೈಹಾಕಿದ ಚೆನ್ನವ್ವನಿಗೆ ಇಂದಿಗೂ ಬಿಡುವಿಲ್ಲ. ಬೆಳಿಗ್ಗೆಯೂ ಸೂಜಿ, ಸಂಜೆಯೂ ಸೂಜಿ. ನಾಗರ ಪಂಚಮಿಗೆ ಕರೆದೊಯ್ಯಲು ಬರುವ ತಮ್ಮ ಸಾತಪ್ಪ ಪ್ರತಿವರ್ಷ ಒಬ್ಬನೇ ಎಸ್.ಟಿ. ಬಸ್ಸು ಹತ್ತಿ ವಾಪಸಾಗುತ್ತಾನೆ. ತವರಿನ ಪಂಚಮಿ ಅಂದರೆ ಅವಳ ಕಣ್ಣು ತುಂಬುತ್ತದೆ.

ಸೂಜಿಗೆ ಮುಂಚೆ, ಬೆಕ್ಕಿನದು ಎಂಬ ಅರ್ಥದಲ್ಲಿ, "ಊಟ ಆತೇನ್ರಿ?" ಎಂದು ಕೇಳುವುದು ಅವಳ ಪದ್ಧತಿ. ಖಾಲಿ ಹೊಟ್ಟೆಗೆ ಇನ್ಸುಲಿನ್ ಕೊಟ್ಟರೆ ರಕ್ತದ ಸಕ್ಕರೆ ತೀರಾ ಇಳಿದು ಜೀವಕ್ಕೇ ಅಪಾಯ. ಈ ಸಲದ ಆಷಾಢ ಏಕಾದಶಿಯಂದು ಆ ಮನೆಯಲ್ಲಿ ಊಟದ ಹೆಸರೆತ್ತಬಾರದೆಂದು, ಉಪವಾಸದ ಫಲಾಹಾರದ ಮಾತಿನಲ್ಲೇ "ಫರಾಳ ಆತೇನ್ರಿ?" ಎಂದಳು. ತನ್ನ ಉಪವಾಸದ ಸಾಬುದಾಣಿ ಮುಗಿಸಿದ್ದ ಹೀರಾಬಾಯಿ ತನ್ನನ್ನೇ ಕೇಳಿದಳೆಂದು "ಝಾಲಾ, ಝಾಲಾ", ಆಯ್ತು ಆಯ್ತು, ಎಂದಳು. ಚೆನ್ನವ್ವ ಸೂಜಿ ಚುಚ್ಚಿ ಶೆಡ್ಡಿಗೆ ಹೋದಳು. ಆದರೆ ಹೆಸರೇ ವಿಠ್ಠಲನ ಊರು ಪಂಢರಿ, ಇವತ್ತೊಂದು ದಿನ ಉಪವಾಸ ಇರಲಿ ಎಂದು ಬೆಕ್ಕಿಗೆ ಏನೂ ಹಾಕಿರಲಿಲ್ಲ!

ಮಧ್ಯಾಹ್ನ ಶೆಡ್ಡಿನ ಊಟದ ಸುಟ್ಟಿಯಲ್ಲಿ ಚೆನ್ನವ್ವ ಬಂದಾಗ ಬೆಕ್ಕು ತೂರಾಡಿ ಬಿದ್ದಿತ್ತು. ಬೆಲ್ಲ ಕಲಸಿ ಅದರ ವಸಡಿಗೆ ಸವರಿದಳು. "ಸಕ್ಕರಿ ಬ್ಯಾನಿಗೆ ಬೆಲ್ಲಾನ?" ಎಂದು ಹೀರಾಬಾಯಿ ಕೂಗಿಕೊಂಡಳು. ಸ್ವಲ್ಪ ಹೊತ್ತಿಗೆ ಬೆಕ್ಕು ಬೆರಳು ನೆಕ್ಕಿತು. "ಆಗ ಜೀವಾ ಬಂತ್ರಿ, ಬೆಕ್ಕಿಗಲ್ಲ, ನನಗ" ಎನ್ನುತ್ತಾಳೆ ಚೆನ್ನವ್ವ.

ಅಂದೇ ಅವಳು ಗಟ್ಟಿಯಾಗಿ ಹೇಳಿದಳು: "ಉಣಸೋ ಕೈಯಾಗ ಸೂಜಿ ಇರಬೇಕ್ರಿ ಹೀರಾಬಾಯಿ. ನಾ ಕೇಳೋದು, ನೀವು ಹೇಳೋದು ಬ್ಯಾಡ." ಹೀರಾಬಾಯಿ ಬದನೆಕಾಯಿಗೆ ನೀರು ಚುಚ್ಚಿ ಚುಚ್ಚಿ ಕಲಿತಳು. ಆ ಬದನೆಕಾಯಿಯ ಪಲ್ಯ ತಿಂದು ತಿಂದು ಚಾಳಿನವರಿಗೆ ಸಾಕಾಗಿದೆ.

ಇವತ್ತು ಸಂಜೆ ಸಿರಿಂಜು ಹೀರಾಬಾಯಿಯ ಕೈಯಲ್ಲಿದೆ. ಪಂಚಮಿಗೆ ಕರೆಯಲು ಬಂದ ಸಾತಪ್ಪ ಬಾಗಿಲಲ್ಲಿ ಅಕ್ಕನ ಚೀಲ ಹಿಡಿದು ಕಾಯುತ್ತಿದ್ದಾನೆ. "ಕಣ್ಣು ತಗೀರಿ ಹೀರಾಬಾಯಿ" ಎನ್ನುತ್ತಾಳೆ ಚೆನ್ನವ್ವ, ಕೈ ಮಾತ್ರ ಮುಂದೆ ಚಾಚುವುದಿಲ್ಲ. ಸೂಜಿ ಒಳಹೋಗಿ ಹೊರಬರುತ್ತದೆ. ಪಂಢರಿ ಬಟ್ಟಲು ನೆಕ್ಕುತ್ತಲೇ ಇದೆ. ಇನ್ನು ಸೂಜಿಗೆ ನಿಮ್ಮನ್ನು ಕರೆಯುವವರಿಲ್ಲವಲ್ಲ, ಬೇಸರವಾಗುವುದಿಲ್ಲವೇ ಎಂದು ನಾನು ಕೇಳಿದರೆ ಚೆನ್ನವ್ವ ಸೆರಗು ಸರಿಮಾಡಿಕೊಳ್ಳುತ್ತಾಳೆ.

"ಬ್ಯಾಸರ ಯಾಕ್ರಿ? ನಾ ಇಲ್ಲಂದ್ರೂ ಅದು ಚಂದಾಗಿರತೈತಿ. ಹಂಗ ಕಲಿಸೇನಿ."